ನಮ್ಮ ಕಡಲಿನ ಪಂಚಾಂಗ

ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಹಿಂದಿನ ಕಾಲದ ಮೀನುಗಾರಿಕೆಯ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನಾನು ಸ್ವಲ್ಪ ಹಿಂದೇಟು ಹಾಕಿದೆ. ನಾನು ಮೇಷ್ಟ್ರ ಕೆಲಸ ಮಾಡಿ ನಿವೃತ್ತನಾದವನು. ದೋಣಿ ಹತ್ತಿದ್ದು, ಹುಟ್ಟು ಹಾಕಿದ್ದು ಎಲ್ಲ ಹುಡುಗಾಟದ ವಯಸ್ಸಿನಲ್ಲಿ. ಆದರೆ ಅಜ್ಜ, ತಂದೆ ಇಬ್ಬರೂ ಕಡಲನ್ನೇ ನಂಬಿ ಬದುಕಿದವರು. ಅವರ ಬಾಯಲ್ಲಿ ಕೇಳಿದ್ದು, ಕಣ್ಣಾರೆ ಕಂಡದ್ದು, ಆಮೇಲೆ ಪುಸ್ತಕದಲ್ಲಿ ಓದಿದ್ದು ಮೂರನ್ನೂ ಸೇರಿಸಿ ನಾಲ್ಕು ಮಾತು ಬರೆದಿದ್ದೇನೆ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ನಮ್ಮ ಕುಂದಾಪುರ ಕಡೆಯ ಕಡಲಿಗೆ ಎರಡು ಪಂಚಾಂಗ. ಒಂದು ಮೀನು ಯಾವಾಗ ಬರುತ್ತದೆ ಎಂದು ಹೇಳುವುದು. ಇನ್ನೊಂದು ನಾವು ಯಾವಾಗ ಹೋಗಬಾರದು ಎಂದು ಹೇಳುವುದು. ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯದನ್ನು ಮರೆತರೆ ಏನಾಗುತ್ತದೆ ಎಂಬುದೇ ಈ ಲೇಖನದ ವಿಷಯ.

ಕಡಲು ಬಾಗಿಲು ತೆರೆಯುವ ಕಾಲ

ಹಿಂದೆ ವರ್ಷ ಶುರುವಾಗುತ್ತಿದ್ದದ್ದು ಯುಗಾದಿಗಲ್ಲ, ನೂಲಹುಣ್ಣಿಮೆಗೆ. ಶ್ರಾವಣ ಹುಣ್ಣಿಮೆಯ ದಿನ ಕಡಲಿಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟು, ಆಮೇಲೆ ಬಲೆಗೆ ಕೈ ಹಾಕುವುದು. ಮೃಗಶಿರ, ಆರ್ದ್ರಾ, ಪುನರ್ವಸು, ಪುಷ್ಯ ಮಳೆಗಳು ಹೊಯ್ದು ಮುಗಿದು, ಆಶ್ಲೇಷ ಕಳೆದು ಮಖೆ ಬರುವ ಹೊತ್ತಿಗೆ ತೆರೆಯ ಸಿಟ್ಟು ಇಳಿಯುತ್ತಿತ್ತು.

ಮಳೆಗಾಲ ಮುಗಿದ ಮೇಲೆಯೇ ಭೂತಾಯಿ, ಬಂಗುಡೆ ದಡಕ್ಕೆ ಬರುವುದೇಕೆ? ಅಜ್ಜನಿಗೆ ಅದು ಗಂಗೆಯ ಕೊಡುಗೆ. ವಿಜ್ಞಾನಿಗಳು ಹೇಳುವುದು ಹೀಗೆ: ಮಳೆಗಾಲದ ಗಾಳಿ ಮತ್ತು ಪ್ರವಾಹದಿಂದ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೆ ಬರುತ್ತದೆ. ಆ ನೀರಿನಲ್ಲಿ ಗೊಬ್ಬರದಂಥ ಲವಣಾಂಶ ಹೆಚ್ಚು. ಬಿಸಿಲು ತಾಗಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಕೋಟಿಗಟ್ಟಲೆ ಬೆಳೆಯುತ್ತವೆ. ಅದೇ ಭೂತಾಯಿಯ ಮೇವು. ಭೂತಾಯಿ ಮೊಟ್ಟೆ ಇಡುವ ಮುಖ್ಯ ಕಾಲವೂ ಮಳೆಗಾಲವೇ. ನಾವು ಮನೆಯಲ್ಲಿ ಕುಳಿತು ಬಲೆ ಹೆಣೆಯುವಾಗ ಕಡಲು ನಮ್ಮ ಗದ್ದೆಯನ್ನು ಉತ್ತು, ಗೊಬ್ಬರ ಹಾಕಿ, ಬಿತ್ತನೆ ಮಾಡುತ್ತಿರುತ್ತದೆ. ಸೆಪ್ಟೆಂಬರಿನಿಂದ ಜನವರಿವರೆಗೆ ಅದರ ಕೊಯಿಲು.

ಆ ತಿಂಗಳುಗಳಲ್ಲಿ ಕಡಲಿಗೆ ಹೋಗುವುದಕ್ಕೂ ಒಂದು ಲೆಕ್ಕ ಇತ್ತು. ಮಳೆ ನಿಂತ ಮೇಲೆ ರಾತ್ರಿ ನೆಲ ತಣಿದು ನಸುಕಿಗೆ ಮೂಡಗಾಳಿ ಬೀಸುತ್ತದೆ. ಮಧ್ಯಾಹ್ನ ನೆಲ ಕಾದು ಪಡುಗಾಳಿ ಏಳುತ್ತದೆ. ಹಾಯಿ ಕಟ್ಟಿ ಮೂಡಗಾಳಿಯಲ್ಲಿ ಹೋಗುವುದು, ಪಡುಗಾಳಿಯಲ್ಲಿ ಬರುವುದು. ಕಂತಬಲೆಗೆ ಕತ್ತಲೆ ಪಕ್ಷ ಒಳ್ಳೆಯದು, ಬೆಳದಿಂಗಳಲ್ಲಿ ಬಲೆ ಮೀನಿಗೆ ಕಾಣುತ್ತದೆ. ಕತ್ತಲೆಯಲ್ಲಿ ಮೀನಿನ ಹಿಂಡು ಮಗ್ಗುಲು ಬದಲಿಸಿದರೆ ನೀರಿನಲ್ಲಿ ಮಿಣುಕು ಬೆಳಕು ಹೊಳೆಯುತ್ತದೆ; ಅದನ್ನು ನೋಡಿಯೇ ಎಷ್ಟು ಮೀನಿದೆ ಎಂದು ಹೇಳುವ ತಂಡೇಲರಿದ್ದರು.

ಎಲ್ಲಕ್ಕಿಂತ ದೊಡ್ಡ ಲೆಕ್ಕ ಅಳಿವೆಯದು. ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರ ಇಳಿತ ಜೋರು, ಅಷ್ಟಮಿಯ ಆಸುಪಾಸು ಕಡಿಮೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಒಳಗೆ ಬರುವಾಗ ಉಬ್ಬರದಲ್ಲೇ ಬರಬೇಕು. ಇಳಿತದಲ್ಲಿ ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಕಡಲಿನ ತೆರೆ ಒಳಗೆ ನುಗ್ಗುತ್ತದೆ, ಎರಡೂ ಮರಳಿನ ದಿಬ್ಬದ ಮೇಲೆ ಡಿಕ್ಕಿ ಹೊಡೆಯುತ್ತವೆ. ಮಳೆಗಾಲದಲ್ಲಿ ಹೊಳೆ ತುಂಬಿದಾಗಂತೂ ಕೇಳುವುದೇ ಬೇಡ.

ರಂಪಣಿಯ ದಿನಗಳು

ಈಗಿನ ಮಕ್ಕಳು ರಂಪಣಿ ನೋಡಿಲ್ಲ. ಕಿಲೋಮೀಟರಿಗೂ ಉದ್ದದ ಬಲೆ, ಅರುವತ್ತು ಎಂಬತ್ತು ಜನ, ಹಲವು ಮನೆಗಳ ಪಾಲು. ದಡದಲ್ಲಿ ನಿಂತ ಹಿರಿಯರು ನೀರಿನ ಬಣ್ಣ, ಹಕ್ಕಿಗಳ ಹಾರಾಟ ನೋಡಿ ಕೈ ಬೀಸಿದರೆ ದೋಣಿ ಹೊರಟು ಹಿಂಡನ್ನು ಸುತ್ತುವರಿಯುತ್ತಿತ್ತು. ಎಳೆಯುವಾಗ ಇಡೀ ಊರು ದಡದಲ್ಲಿ. ಶಾಲೆಗೆ ರಜೆ ಕೊಡದಿದ್ದರೂ ಮಕ್ಕಳು ಅಲ್ಲೇ.

ಹೆಚ್ಚಾದ ಭೂತಾಯಿ ತೆಂಗಿನ ಬುಡಕ್ಕೆ ಹೋಗುತ್ತಿತ್ತು. 20ನೇ ಶತಮಾನದ ಆರಂಭದಲ್ಲಿ, ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, ಸರ್ ಫ್ರೆಡರಿಕ್ ನಿಕೋಲ್ಸನ್ ಎಂಬ ಅಧಿಕಾರಿ ಭೂತಾಯಿಯಿಂದ ಎಣ್ಣೆ, ಗೊಬ್ಬರ ತೆಗೆಯುವ ಉದ್ಯಮಕ್ಕೆ ಉತ್ತೇಜನ ಕೊಟ್ಟರು. ಮಲಬಾರ್ ಮತ್ತು ದಕ್ಷಿಣ ಕನ್ನಡದ ದಡದಲ್ಲಿ ಸಣ್ಣ ಕಾರ್ಖಾನೆಗಳು ಎದ್ದವು. ಆದರೆ ಭೂತಾಯಿ ಎಂಬುದು ನಂಬಿಕೆಯ ಮೀನಲ್ಲ, ಕೆಲವು ವರ್ಷ ರಾಶಿ, ಕೆಲವು ವರ್ಷ ಸೊನ್ನೆ. 1940ರ ಹೊತ್ತಿಗೆ ಮೀನು ಸೋತಾಗ 1943ರಲ್ಲಿ ಮದ್ರಾಸ್ ಸರಕಾರ ಮರಿ ಮೀನು ಹಿಡಿಯುವುದಕ್ಕೆ ನಿರ್ಬಂಧ ಹಾಕಿತು. 1947ರಲ್ಲಿ ಅದನ್ನು ಕೈಬಿಟ್ಟಿತು. ನಮ್ಮ ಕಾಲದಲ್ಲೂ ಹಾಗೇ. 1994ರಲ್ಲಿ ಭೂತಾಯಿ ಬಹಳ ಕಡಿಮೆಯಾಯಿತು, 2012ರಲ್ಲಿ ದೇಶದಲ್ಲೇ ದೊಡ್ಡ ಫಸಲು ಬಂತು, ಅದಾದ ಮೂರು ನಾಲ್ಕು ವರ್ಷದಲ್ಲಿ ಮತ್ತೆ ಕುಸಿಯಿತು.

1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದವು. ಹಿಂಡು ದಡಕ್ಕೆ ಬರುವ ಮೊದಲೇ ಹೊರಗಡೆ ಹಿಡಿಯತೊಡಗಿದ ಮೇಲೆ ದಡದಲ್ಲಿ ಕಾಯುವ ರಂಪಣಿಗೆ ಕೆಲಸ ಉಳಿಯಲಿಲ್ಲ. ಆ ದಶಕ ಮುಗಿಯುವಷ್ಟರಲ್ಲಿ ದೊಡ್ಡ ರಂಪಣಿಯ ಕಾಲ ಮುಗಿಯಿತು. ಕೈರಂಪಣಿ ಮಾತ್ರ ಉಳಿಯಿತು.

ಆ ಒಂದು ಮಳೆಗಾಲ

ಅಜ್ಜ ಒಂದು ಮಾತು ಹೇಳುತ್ತಿದ್ದರು: “ಕಡಲ್ ಕರದ್ರೆ ಹೋಯ್ಕ್. ಹೊಟ್ಟೆ ಕರದ್ರೆ ಹೋಪುಕಾಗ.” ಮಾತು ಸರಿ. ಆದರೆ ಆಷಾಢದಲ್ಲಿ ಹೊಟ್ಟೆ ಕರೆಯದ ಮನೆ ಯಾವುದಿತ್ತು? ನೂಲಹುಣ್ಣಿಮೆವರೆಗೆ ಉಣ್ಣುವುದಕ್ಕೆ ವ್ಯಾಪಾರಿಗಳಿಂದ ಮುಂಗಡ. ಮುಂಗಡ ತಗೊಂಡವನು ಹಿಡಿದ ಮೀನನ್ನು ಅವರಿಗೇ, ಅವರು ಹೇಳಿದ ರೇಟಿಗೇ ಕೊಡಬೇಕು.

1960ರ ದಶಕದ ಕೊನೆ, ನಾನು ಏಳನೇ ಕ್ಲಾಸು. ಮೂರು ವಾರ ದೋಣಿ ದಡದಲ್ಲೇ ಇತ್ತು. ಒಂದು ದಿನ ಗಾಳಿ ನಿಂತು ಬಿಸಿಲು ಬಂತು. ದಡದ ಹತ್ತಿರವೇ ಚಟ್ಲಿ ಬಿದ್ದಿದೆ ಎಂಬ ಸುದ್ದಿ. ಆಗ ಚಟ್ಲಿಗೆ ರೇಟು ಏರುತ್ತಿದ್ದ ಕಾಲ. ತಂದೆ ಮತ್ತೆ ನಾಲ್ಕು ಜನ ಹೋದರು. ಚಟ್ಲಿ ಸಿಕ್ಕಿತು. ಲೆಕ್ಕದ ಪ್ರಕಾರ ಅವರು ಹೊರಗೆ ಕಾದು ರಾತ್ರಿಯ ಉಬ್ಬರದಲ್ಲಿ ಒಳಗೆ ಬರಬೇಕಿತ್ತು. ಆದರೆ ಮುಂಗಡ ಕೊಟ್ಟವರ ವ್ಯಾನು ನಾಲ್ಕು ಗಂಟೆಗೆ ಹೊರಡುತ್ತದೆ. ಅದು ತಪ್ಪಿದರೆ ಮೀನು ಹಾಳು, ಸಾಲ ಹಾಗೇ.

ಇಳಿತದಲ್ಲೇ ಬಂದರು. ಅಳಿವೆಯಲ್ಲಿ ದೋಣಿ ಮಗುಚಿತು. ನಾವು ದಡದಲ್ಲಿ ನಿಂತು ನೋಡುತ್ತಿದ್ದೆವು. ನಾಲ್ಕು ಜನ ಈಜಿ ಬಂದರು. ಒಬ್ಬರು ಬರಲಿಲ್ಲ. ನೆರೆಮನೆಯವರು, ಮದುವೆಯಾಗಿ ಒಂದು ವರ್ಷ ಆಗಿತ್ತು.

ತಂದೆಗೆ ಉಬ್ಬರ ಇಳಿತದ ಹೊತ್ತು ಗೊತ್ತಿರಲಿಲ್ಲವೇ? ನನಗಿಂತ, ನಿಮಗಿಂತ ಚೆನ್ನಾಗಿ ಗೊತ್ತಿತ್ತು. ಆ ದಿನದ ಪಂಚಾಂಗವನ್ನು ಬರೆದದ್ದು ಕಡಲಲ್ಲ, ಸಾಲ. ಅವರು ಬದುಕಿರುವವರೆಗೆ ಆ ವಿಷಯ ಮಾತಾಡಿದ್ದು ಒಂದೇ ಸಲ. “ಕಾಯುಕ್ ಗೊತ್ತಿತ್ತ್, ಕಾಯು ಶಕ್ತಿ ಇರ್ಲಿಲ್ಲ” ಅಂದರು.

ಕಾನೂನಿನ ಪಂಚಾಂಗ

ಬೋಟುಗಳು ಬಂದ ಮೇಲೆ ಮಳೆಗಾಲಕ್ಕೂ ಹೆದರದವರಾದರು. ಹಿಂದೆ ಕಡಲೇ ಹಾಕುತ್ತಿದ್ದ ಬಾಗಿಲನ್ನು ಈಗ ಸರಕಾರ ಹಾಕಬೇಕಾಯಿತು. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಅದಕ್ಕೆ ಆಧಾರ. ರಜೆಯ ದಿನಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ಕಡಿಮೆಯಾಗಿ, 2015ರಿಂದ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಎಂದು ನಿಂತಿತು. 10 ಅಶ್ವಶಕ್ತಿಯವರೆಗಿನ ಇಂಜಿನಿನ ನಾಡದೋಣಿಗೆ ಈ ನಿಷೇಧ ಇಲ್ಲ.

ಇದು ನಮಗೆ ಸಿಕ್ಕಿದ ಹಕ್ಕು, ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಕಾನೂನು ಹೋಗಬಹುದು ಎಂದ ಮಾತ್ರಕ್ಕೆ ಕಡಲು ಹೋಗಬಹುದು ಎಂದ ಹಾಗಲ್ಲ. ಜುಲೈ ತಿಂಗಳಲ್ಲಿ ಅಳಿವೆ ದಾಟುವವರು ಈಗ ನಾವೇ. ಮೊಟ್ಟೆ ತುಂಬಿದ ಭೂತಾಯಿ ಸಿಕ್ಕುವುದೂ ಆಗಲೇ. ಆಗಸ್ಟ್ 1 ಎಂಬುದು ಕಾಗದದ ದಿನಾಂಕ. ಕೆಲವು ವರ್ಷ ಆಶ್ಲೇಷ ಮಳೆಯೇ ಜೋರು.

ಹಳೆ ಪಂಚಾಂಗವೊಂದೇ ಸಾಲದು ಎಂಬುದನ್ನೂ ಹೇಳಬೇಕು. 2017ರ ಓಖಿ, 2019ರ ಅಕ್ಟೋಬರಿನ ಕ್ಯಾರ್, 2021ರ ಮೇ ತಿಂಗಳ ತೌಕ್ತೆ ಚಂಡಮಾರುತಗಳನ್ನು ಯಾವ ನಕ್ಷತ್ರವೂ ಮೊದಲೇ ಹೇಳಲಿಲ್ಲ. ಕ್ಯಾರ್ ಬಂದಾಗ ಬೋಟುಗಳು ಕಾರವಾರ ಬಂದರಿನಲ್ಲಿ ಆಶ್ರಯ ಪಡೆದವು. ಹವಾಮಾನ ಇಲಾಖೆಯ ಎಚ್ಚರಿಕೆ, ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ತೆರೆಯ ಎತ್ತರದ ಮುನ್ಸೂಚನೆ ಈಗ ಮೊಬೈಲಿಗೇ ಬರುತ್ತವೆ. ಅಜ್ಜನ ಲೆಕ್ಕ ಮತ್ತು ಮೊಬೈಲಿನ ಲೆಕ್ಕ ಎರಡರಲ್ಲಿ ಒಂದು ಬೇಡ ಎಂದರೂ ಹೋಗದಿರುವುದು ಒಳ್ಳೆಯದು.

ಸಂಘ ಕೊಟ್ಟದ್ದು

ನಮ್ಮ ಸಂಘ ಏನು ಮಾಡಿದೆ ಎಂದು ಕೆಲವರು ಕೇಳುತ್ತಾರೆ. ಕಟ್ಟಡ, ಗೋದಾಮು ಎಲ್ಲರಿಗೂ ಕಾಣುತ್ತದೆ. ನನಗೆ ಕಾಣುವುದು ಬೇರೆ. ಮಳೆಗಾಲದ ಮೊದಲು ಸಾಲ, ಕಂತು ಕಟ್ಟುವುದು ಮೀನು ಬೀಳುವ ಅಕ್ಟೋಬರಿನಿಂದ. ಇಷ್ಟು ಸಣ್ಣ ಏರ್ಪಾಡು. ಅದರ ಜೊತೆ ಮೀನುಗಾರ ಕಟ್ಟಿದ ಹಣಕ್ಕೆ ರಾಜ್ಯ, ಕೇಂದ್ರ ಸರಕಾರಗಳು ತಮ್ಮ ಪಾಲು ಸೇರಿಸಿ ಕೊಡುವ ಉಳಿತಾಯ-ಪರಿಹಾರ ಯೋಜನೆಯ ಅರ್ಜಿಯನ್ನು ಇಲ್ಲೇ ಕುಳಿತು ತುಂಬಿಸಿಕೊಟ್ಟದ್ದು. ಇದರಿಂದ ನಮ್ಮ ಹುಡುಗರಿಗೆ ಸಿಕ್ಕಿದ್ದು ದುಡ್ಡು ಮಾತ್ರವಲ್ಲ. ನನ್ನ ತಂದೆಗೆ ಇಲ್ಲದಿದ್ದ ಆ ಕಾಯುವ ಶಕ್ತಿ.

ಆದ್ದರಿಂದ ಮಹಾಸಭೆಯ ಮುಂದೆ ನನ್ನದು ಎರಡು ವಿನಂತಿ. ಒಂದು, ಸಂಘದ ಹೊರಗೋಡೆಗೆ ಒಂದು ಕರಿಹಲಗೆ ಹಾಕಿ ದಿನಾ ಬೆಳಿಗ್ಗೆ ಉಬ್ಬರ ಇಳಿತದ ಹೊತ್ತು ಮತ್ತು ಹವಾಮಾನದ ಸೂಚನೆ ಬರೆಯಿಸಬೇಕು. ನನ್ನ ಕೈಬರಹ ಈಗಲೂ ಚೆನ್ನಾಗಿದೆ, ಬರೆಯುವ ಕೆಲಸ ನಾನೇ ಮಾಡುತ್ತೇನೆ. ಎರಡು, ಮಳೆಗಾಲದ ಸಾಲಕ್ಕೆ ಬರುವವರನ್ನು ಯಾವ ವರ್ಷವೂ ಬರಿಗೈಯಲ್ಲಿ ಕಳಿಸಬಾರದು. ಮೀನು ಸೋತ ವರ್ಷವಂತೂ ಕಳಿಸಲೇಬಾರದು. ಬೇಕಾದರೆ ಆ ವರ್ಷ ನಮ್ಮ ಡಿವಿಡೆಂಡ್ ಕಡಿಮೆಯಾಗಲಿ.

ಸುವರ್ಣ ಮಹೋತ್ಸವದ ಸಂಚಿಕೆಗೆ ಈಗಿನ ಹುಡುಗರಲ್ಲಿ ಯಾರಾದರೂ ಬರೆಯಲಿ. ಹೋದ ದೋಣಿಗಳೆಲ್ಲ ತಿರುಗಿ ಬಂದವು ಎಂದು ಬರೆಯುವಂತಾಗಲಿ.