ಮೀಸಲು ವೈದ್ಯಪಡೆ: ಹುಟ್ಟು ಮತ್ತು ರಚನೆ

ಕೊನೆಗಳಿಗೆಯ ಸಿದ್ಧತೆಯನ್ನು ಹಾಸ್ಯಮಾಡಲು ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎನ್ನುತ್ತೇವೆ. ಶಸ್ತ್ರಕ್ಕಿಂತಲೂ ಶಸ್ತ್ರಚಿಕಿತ್ಸೆಗೆ ಈ ಮಾತು ಹೆಚ್ಚು ಒಪ್ಪುತ್ತದೆ. ಸೈನಿಕನನ್ನು ಕೆಲವು ತಿಂಗಳಲ್ಲಿ ತರಬೇತುಗೊಳಿಸಬಹುದು. ವೈದ್ಯನೊಬ್ಬ ಸಿದ್ಧನಾಗಲು ವರ್ಷಗಳೇ ಬೇಕು. ಅಮೆರಿಕದ ಸೈನ್ಯಕ್ಕೆ ಇದು ಮನದಟ್ಟಾದುದು 1898ರಲ್ಲಿ.

ಆ ವರ್ಷ ಸ್ಪೇನಿನೊಡನೆ ನಡೆದ ಯುದ್ಧದಲ್ಲಿ ಹೋರಾಡುತ್ತ ಮಡಿದ ಅಮೆರಿಕನ್ನರು 400ಕ್ಕಿಂತ ಕಡಿಮೆ. ಇತರ ಕಾರಣಗಳಿಂದ, ಮುಖ್ಯವಾಗಿ ರೋಗಗಳಿಂದ ಸತ್ತವರು 2,000ಕ್ಕೂ ಹೆಚ್ಚು. ಸ್ವದೇಶದ ಶಿಬಿರಗಳಲ್ಲೇ ಸುಮಾರು 20,000 ಸೈನಿಕರಿಗೆ ವಿಷಮಶೀತ ಜ್ವರ ತಗುಲಿತು. ಕೊಳಕು ಶೌಚಸ್ಥಳಗಳು, ನೊಣಗಳು ಮತ್ತು ರೋಗಿಗಳ ಸಂಪರ್ಕದಿಂದ ಅದು ಹರಡಿತೆಂದು ವಾಲ್ಟರ್ ರೀಡ್ ಮತ್ತು ಸಂಗಡಿಗರ ತನಿಖೆ ತೋರಿಸಿತು. ಇದನ್ನು ತಡೆಯಬಲ್ಲ ತರಬೇತಾದ ವೈದ್ಯರು ಸೈನ್ಯದಲ್ಲಿ ಸಾಕಷ್ಟಿರಲಿಲ್ಲ.

1908ರ ಏಪ್ರಿಲ್ 23ರಂದು ಅಮೆರಿಕದ ಸಂಸತ್ತು ‘ಮೆಡಿಕಲ್ ರಿಸರ್ವ್ ಕೋರ್’ ಸ್ಥಾಪಿಸುವ ಶಾಸನ ಮಾಡಿತು. ಊರಿನಲ್ಲಿ ವೃತ್ತಿ ನಡೆಸುವ ವೈದ್ಯರಿಗೆ ಲೆಫ್ಟಿನೆಂಟ್ ದರ್ಜೆ ಕೊಟ್ಟು, ಅಗತ್ಯ ಬಿದ್ದಾಗ ಕರೆಸಿಕೊಳ್ಳುವುದು ಇದರ ಕ್ರಮ. ಅಮೆರಿಕದ ಮೀಸಲು ಸೈನ್ಯ ಇಂದಿಗೂ ಆ ದಿನವನ್ನೇ ತನ್ನ ಜನ್ಮದಿನವೆಂದು ಆಚರಿಸುತ್ತದೆ.

ಆದರೆ ವೈದ್ಯರ ಹೆಸರುಗಳ ಪಟ್ಟಿಯೇ ಆಸ್ಪತ್ರೆಯಾಗದು. ಜೊತೆಯಾಗಿ ದುಡಿದು ಪಳಗಿದ ತಂಡ ಬೇಕು. ಕ್ಲೀವ್‌ಲ್ಯಾಂಡಿನ ಶಸ್ತ್ರವೈದ್ಯ ಜಾರ್ಜ್ ಕ್ರೈಲ್ ಇದನ್ನು ಒತ್ತಿ ಹೇಳಿದರು. ಅದರಂತೆ ರೆಡ್‌ಕ್ರಾಸ್ ಸಂಸ್ಥೆಯ ನೆರವಿನಿಂದ ದೊಡ್ಡ ಆಸ್ಪತ್ರೆಗಳೂ ವೈದ್ಯಕೀಯ ಕಾಲೇಜುಗಳೂ 500 ಹಾಸಿಗೆಗಳ ಒಂದೊಂದು ‘ಬೇಸ್ ಹಾಸ್ಪಿಟಲ್’ ಕಟ್ಟಿಕೊಂಡವು. ಒಂದೊಂದರಲ್ಲಿ ಸುಮಾರು 25 ವೈದ್ಯರು, 60ರಷ್ಟು ದಾದಿಯರು, 150ರಷ್ಟು ಸಹಾಯಕರು. ಶಸ್ತ್ರಚಿಕಿತ್ಸೆ, ಔಷಧೋಪಚಾರ, ಪ್ರಯೋಗಾಲಯ ಎಂಬ ವಿಭಾಗಗಳಿದ್ದವು. ಅಡುಗೆ, ದಾಖಲೆ, ರೋಗಿಗಳನ್ನು ಹೊರುವ ಕೆಲಸ ಸಹಾಯಕರದು.

1917ರ ಏಪ್ರಿಲ್ 6ರಂದು ಅಮೆರಿಕ ಮೊದಲನೆಯ ಮಹಾಯುದ್ಧಕ್ಕಿಳಿಯಿತು. ಕ್ರೈಲ್ ಅವರ 4ನೆಯ ಬೇಸ್ ಹಾಸ್ಪಿಟಲ್ ಮೇ 8ರಂದು ಹಡಗೇರಿ, ಮೇ 25ರಂದು ಫ್ರಾನ್ಸಿನ ರುವಾನ್ ನಗರವನ್ನು ತಲುಪಿ ಬ್ರಿಟಿಷ್ ಆಸ್ಪತ್ರೆಯೊಂದನ್ನು ವಹಿಸಿಕೊಂಡಿತು. ಯೂರೋಪಿನ ನೆಲ ಮುಟ್ಟಿದ ಮೊದಲ ಅಮೆರಿಕನ್ ಸೈನ್ಯದಳ ಬಂದೂಕು ಹಿಡಿದದ್ದಲ್ಲ, ಈ ಆಸ್ಪತ್ರೆ! ಸೆಪ್ಟೆಂಬರ್ 4ರ ರಾತ್ರಿ ಹಾರ್ವರ್ಡಿನ 5ನೆಯ ಆಸ್ಪತ್ರೆಯ ಮೇಲೆ ಬಾಂಬುಗಳು ಬಿದ್ದು ಮೀಸಲು ವೈದ್ಯ ವಿಲಿಯಂ ಫಿಟ್ಜ್‌ಸೈಮನ್ಸ್ ಅಸುನೀಗಿದರು. ಅದೇ ಆಸ್ಪತ್ರೆಯೊಡನೆ ಬಂದಿದ್ದ ಆಸ್ವಾಲ್ಡ್ ರಾಬರ್ಟ್‌ಸನ್, ಹೆಪ್ಪುಗಟ್ಟದಂತೆ ಸಿಟ್ರೇಟ್ ಬೆರೆಸಿದ ರಕ್ತವನ್ನು ಬಾಟಲಿಗಳಲ್ಲಿ ತುಂಬಿ, ಮಂಜುಗಡ್ಡೆಯಲ್ಲಿಟ್ಟು, ಗಾಯಾಳುಗಳಿಗೆ ಕೊಟ್ಟರು. ಇಂದಿನ ರಕ್ತನಿಧಿಗಳ ಮೂಲ ಅಲ್ಲಿದೆ.

ಈ ವ್ಯವಸ್ಥೆಗೆ ಇನ್ನೊಂದು ಮುಖವೂ ಉಂಟು. ಮೀಸಲು ವೈದ್ಯ ಬಿಡುವಾಗಿ ಕುಳಿತವನಲ್ಲ. ಅವನನ್ನು ಕರೆಸಿಕೊಂಡರೆ ಯಾವುದೋ ಊರಿನ ರೋಗಿಗಳು ವೈದ್ಯರಿಲ್ಲದೆ ಉಳಿಯುತ್ತಾರೆ. 1918ರಲ್ಲಿ ಇನ್‌ಫ್ಲುಯೆಂಜಾ ಮಹಾಮಾರಿ ಬಂದಾಗ ಅಮೆರಿಕದ ಊರುಗಳು ವೈದ್ಯರು, ದಾದಿಯರಿಗಾಗಿ ಪರದಾಡಿದವು. ಎಷ್ಟು ಮಂದಿಯನ್ನು ರಣಾಂಗಣಕ್ಕೆ ಕಳುಹಿಸಬೇಕು, ಎಷ್ಟು ಮಂದಿಯನ್ನು ಊರಿಗೆ ಉಳಿಸಬೇಕು ಎಂಬುದು ಮೀಸಲು ವೈದ್ಯಪಡೆಯ ಮುಂದಿರುವ ಬಹು ಕಠಿಣವಾದ ಲೆಕ್ಕ.