ಅಡಿಗಿಮನಿ ಪಡದಿಯಿಂದ ಹುಟ್ಟಿದ ರೆಕ್ಕಿ

ಹೋದ ವರ್ಷ ಬನ್ನಿ ಹಂಚಿ ನಾಲ್ಕು ದಿನ ಆಗಿತ್ತು ನೋಡ್ರಿ. ಮಧ್ಯಾಹ್ನ ಭಾಂಡಿ ತೊಳದು ಡಬ್ಬಾಕ ಹಾಕ್ಲಿಕತ್ತಿದ್ದೆ, ಬೆಂಗಳೂರಿಂದ ಮಗನ ಫೋನ್ ಬಂತು. "ಅಮ್ಮಾ, ಮುಂದಿನ ವಾರ ಹಿಮಾಚಲಕ್ಕ ಹೊಂಟೀನಿ. ಬೀರ್ ಬಿಲ್ಲಿಂಗ್‌ನಾಗ ಪ್ಯಾರಾಗ್ಲೈಡಿಂಗ್ ಮಾಡಾಂವ" ಅಂದಾ. ಗುಡ್ಡದ ಮ್ಯಾಲಿಂದ ಬಟ್ಟಿ ಕಟಗೊಂಡು ಜಿಗಿಯೂದಲ್ಲಾ, ಅದು. ನನ್ನ ಎದಿ ಧಸಕ್ಕಂತು. "ಬ್ಯಾಡಪಾ" ಅಂದೆ. "ನಿನಗ ಅದರಾಗ ಏನ್ ತಿಳೀತದಮ್ಮಾ" ಅಂದಾ, ನಕ್ಕಾ, ಫೋನ್ ಇಟ್ಟಾ.

ನನಗ ಯಾಕ ಅಷ್ಟು ಅಂಜಿಕಿ ಬಂತು ಅನ್ನೂದಕ್ಕ ಒಂದು ಕಾರಣ ಅದ. ನಾವು ಸಣ್ಣವರಿದ್ದಾಗ ನಮ್ಮ ತಮ್ಮಗ ಪತಂಗದ ಹುಚ್ಚು. ಒಂದು ಆಷಾಢದಾಗ ಗಾಳಿ ಅಂದ್ರ ಗಾಳಿ. ನಮ್ಮವ್ವ ಅಂಗಳದಾಗ ನಿಂತು ಆಕಾಶ ನೋಡಿ, "ಇವತ್ತು ಬ್ಯಾಡೋ, ಗಾಳಿ ಸರಿಯಿಲ್ಲ" ಅಂದ್ಲು. ಅಂವ ಕೇಳಲಿಲ್ಲ. ಮಾಳಿಗಿ ಏರಿ ಪಟ ಬಿಟ್ಟಾ. ಗಾಳಿ ಒಮ್ಮೆ ಜಗ್ಗತದ, ಒಮ್ಮೆ ಬಿಡ್ತದ. ಅಂವ ಮ್ಯಾಲೆ ನೋಡ್ಕೋತ ಹಿಂದ ಹಿಂದ ಸರದು ಅಂಗಳಕ್ಕ ಬಿದ್ದಾ. ಜೀವ ಉಳೀತು, ಆದ್ರ ಎಡಗೈ ಮೊಣಕೈ ಇವತ್ತಿಗೂ ಪೂರ್ತಿ ಸೀದಾ ಆಗೂದಿಲ್ಲ.

ಅದಕ್ಕ ಮಗನ್ನ ಬೈಲಿಕ್ಕೆ ಕಾರಣ ಹುಡುಕೋಣ ಅಂತ ಈ ಹಾರಾಟದ ಇತಿಹಾಸ ಓದಲಿಕ್ಕೆ ಕೂತೆ. ನಾ ಓದಿದ್ದು ಪಿಯುಸಿ ತನಕಾ, ಅದೂ ಆರ್ಟ್ಸ್. ಮೊಬೈಲಿನ್ಯಾಗ ಹುಡುಕಿ, ಮಗಳ ಕಡಿಂದ ಇಂಗ್ಲೀಷ್ ಅರ್ಥಾ ಹೇಳಿಸಿಗೊಂಡು ಎಂಟು ದಿನ ಓದಿದೆ. ಹುಡುಕಿದ್ದು ಸತ್ತವರ ಲೆಕ್ಕಾ, ಸಿಕ್ಕಿದ್ದು ಬ್ಯಾರೇನ.

ಮೊದಲ ಜರ್ಮನಿಯ ಓಟ್ಟೋ ಲಿಲಿಯೆಂಥಾಲ್ ಅನ್ನಾವ್ರು. 1848ರಾಗ ಹುಟ್ಟಿದವರು. ಕೊಕ್ಕರಿ ಹೆಂಗ ಹಾರ್ತಾವ ಅಂತ ತಮ್ಮನ ಜೋಡಿ ನೋಡಿ ನೋಡಿ, 1889ರಾಗ ಹಕ್ಕಿ ಹಾರಾಟದ ಮ್ಯಾಲೆ ಒಂದು ಪುಸ್ತಕಾನೇ ಬರದ್ರು. 1891ರಿಂದ ತಾವ ಹಾರಲಿಕ್ಕೆ ಸುರು ಮಾಡಿದ್ರು. ವಿಲೋ ಗಿಡದ ಕಟಗಿ, ಅದರ ಮ್ಯಾಲೆ ಹತ್ತಿ ಬಟ್ಟಿ, ಅದು ರೆಕ್ಕಿ. ಇಂಜಿನ್ ಇಲ್ಲಾ ಏನಿಲ್ಲಾ. ಗುಡ್ಡದಿಂದ ಓಡಿ ಬಂದು ಗಾಳ್ಯಾಗ ತೇಲೂದು, ಮೈ ಅತ್ತಾಗ ಇತ್ತಾಗ ಹೊರಳಿಸಿ ದಿಕ್ಕು ತಿರುಗಿಸೂದು. ಗಾಳಿ ಯಾವ ಕಡಿಂದ ಬಂದ್ರೂ ಅದಕ್ಕ ಎದುರಾಗಿ ಓಡಲಿಕ್ಕೆ ಬರ್ಲಿ ಅಂತ 1894ರಾಗ ಬರ್ಲಿನ್ ಹತ್ರ ಒಂದು ಗುಂಡಗಿನ ಮಣ್ಣಿನ ಗುಡ್ಡಾನೇ ಕಟ್ಟಿಸಿದ್ರು. ಸುಮಾರು 2000 ಸಲ ಹಾರಿದ್ರು. 1896 ಆಗಸ್ಟ್ 9ಕ್ಕ ಒಂದು ಗಾಳಿ ಏಟಿಗೆ ರೆಕ್ಕಿ ಗಾಳ್ಯಾಗ ನಿಂತಬಿಡ್ತು, ಸುಮಾರು 15 ಮೀಟರ್ ಎತ್ತರದಿಂದ ಬಿದ್ರು, ಮರುದಿನ ತೀರಿಕೊಂಡ್ರು. 48 ವರ್ಷ.

ನೋಡ್ರಿ, ನನಗ ಬೇಕಾದ ಕಾರಣ ಮೊದಲನೇ ದಿನಾನೇ ಸಿಕ್ಕಿತ್ತು. ಅಲ್ಲಿಗೇ ಮೊಬೈಲ್ ಮುಚ್ಚಿ ಇಡಬೇಕಾಗಿತ್ತು, ಆದ್ರ ಮುಂದ ಓದಿದೆ.

ಇವರು ಸತ್ತ ಸುದ್ದಿ ಅಮೆರಿಕಾದಾಗ ರೈಟ್ ಸಹೋದರರು ಓದಿದ್ರು. ತಾವೂ ಹಾರಬೇಕಂದ್ರ ಮೊದಲ ಗಾಳಿ ಛಲೋ ಇರೂ ಜಾಗಾ ಬೇಕು ಅಂತ ಹವಾಮಾನ ಇಲಾಖೆಗೆ ಪತ್ರಾ ಬರದು, ಯಾವ ಊರಾಗ ಎಷ್ಟು ಗಾಳಿ ಬೀಸ್ತದ ಅನ್ನೂ ಲೆಕ್ಕಾ ತರಿಸಿದ್ರು. ಹಂಗ ಸಿಕ್ಕ ಊರು ಸಮುದ್ರ ದಂಡಿಯ ಕಿಟಿ ಹಾಕ್. 1900ರಾಗ ಅಣ್ಣ ವಿಲ್ಬರ್ ಅಲ್ಲಿ ಹೋಗಿ ಟೇಟ್ ಅನ್ನಾವ್ರ ಮನ್ಯಾಗ ಇಳಕೊಂಡಾ. ರೆಕ್ಕಿಗೆ ಬೇಕಾದಷ್ಟು ಉದ್ದದ ಕಟಗಿ ಸಿಗಲಿಲ್ಲ, ಗಿಡ್ಡ ಕಟಗಿ ಸಿಕ್ತು. ಅದಕ್ಕ ಬಟ್ಟಿ ಕತ್ತರಿಸಿ ಮತ್ತ ಹೊಲೀಬೇಕಾತು. ಎಲ್ಲೆ ಹೊಲದಾ ಗೊತ್ತೇನ್ರಿ? ಆ ಮನಿ ಹೆಣಮಗಳ ಹೊಲಿಗಿ ಮಷಿನ್ ಮ್ಯಾಲೆ! ಹಾರಿದ್ದು ಮುಗದ ಮ್ಯಾಲೆ ಆ ಗ್ಲೈಡರ್ ಅಲ್ಲೇ ಬಿಟ್ಟು ಹೋದ್ರು. ಟೇಟ್ ಬಾಯಾರು ಅದರ ಸ್ಯಾಟೀನ್ ಬಟ್ಟಿ ಬಿಚ್ಚಿ ತಮ್ಮ ಇಬ್ಬರು ಹೆಣ್ಣುಮಕ್ಕಳಿಗೆ ಫ್ರಾಕ್ ಹೊಲದು ಹಾಕಿದ್ರು. ಇದನ್ನ ಓದಿದಾಗ ನಾ ಒಬ್ಬಾಕಿನ ಕೂತು ನಕ್ಕೆ. ಹಳೇ ಸೀರಿಯಿಂದ ಕೌದಿ ಹೊಲಿಯೋ ನಮಗ ಇದು ತಿಳೀದ ಮಾತೇನು?

ಆಮ್ಯಾಲೆ ಇಂಜಿನ್ ವಿಮಾನ ಬಂದು, ಇಂಜಿನ್ ಇಲ್ಲದ ಈ ಕೈರೆಕ್ಕಿ ಭಾಳ ವರ್ಷ ಹಿಂದ ಬಿತ್ತು. ಮತ್ತ ಅದು ಎದ್ದು ಬಂದದ್ದು ಅಡಿಗಿಮನಿಯಿಂದ. ವರ್ಜೀನಿಯಾದ ಲ್ಯಾಂಗ್ಲಿಯೊಳಗ ಸರಕಾರದ ವಿಮಾನ ಸಂಶೋಧನಾ ಕೇಂದ್ರದಾಗ ಫ್ರಾನ್ಸಿಸ್ ರೊಗಾಲೋ ಅಂತ ಇಂಜಿನಿಯರ್ ಇದ್ರು. ಮಡಚಲಿಕ್ಕೆ ಬರೂವಂಥ, ಗಟ್ಟಿ ಚೌಕಟ್ಟಿಲ್ಲದ ಮೆತ್ತನ್ನ ರೆಕ್ಕಿ ಮಾಡಬೇಕು ಅನ್ನೂ ಹಂಬಲ. ಕಚೇರಿಯೊಳಗ ಅದಕ್ಕ ಆಸಕ್ತಿ ಕಾಣಲಿಲ್ಲ. ಮನ್ಯಾಗ ಹೆಂಡತಿ ಗರ್ಟ್ರೂಡ್ ಜೋಡಿ ಕೂಡಿ ಮಾಡಿದ್ರು. ಒಂದು ದೊಡ್ಡ ಫ್ಯಾನ್ ಹಚ್ಚಿ ಮನ್ಯಾಗ ಗಾಳಿ ಸುರಂಗ ಮಾಡಿಕೊಂಡ್ರು. 1948ರಾಗ ಗರ್ಟ್ರೂಡ್ ಬಾಯಾರು ಅಡಿಗಿಮನಿ ಪಡದಿ ಬಟ್ಟಿ ತಗೊಂಡು ಹೊಲದ್ರು. ಆ ಪಡದಿ ಗಾಳ್ಯಾಗ ನಿಂತಿತು. ಅದ ಮುಂದ ಲೋಕಕ್ಕೆಲ್ಲಾ ಗೊತ್ತಾದ ರೊಗಾಲೋ ರೆಕ್ಕಿ. 1951ರಾಗ ಸಿಕ್ಕ ಪೇಟೆಂಟಿನ್ಯಾಗ ಗಂಡ ಹೆಂಡತಿ ಇಬ್ಬರದೂ ಹೆಸರು ಅದ. ನಮ್ಮ ಕಡೆ ಮಂದಿ ಸಂಡಿಗಿ ಯಾರು ಮಾಡಿದ್ದು ಅಂದ್ರ "ಅವರ ಮನ್ಯಾಗಿಂದು" ಅಂತಾರ, ಮಾಡಿದಾಕಿ ಹೆಸರು ಹೇಳೂದಿಲ್ಲ. ಅದಕ್ಕ ಈ ಮಾತು ನನಗ ಭಾಳ ಸೇರಿತು.

ಮುಂದ ಬಾಹ್ಯಾಕಾಶಕ್ಕ ಮಂದಿ ಕಳಸೋ ಕಾಲ ಬಂತು. ಜೆಮಿನಿ ನೌಕಾ ಸಮುದ್ರಕ್ಕ ಬೀಳೂ ಬದಲಿ ಈ ರೆಕ್ಕಿ ಬಿಚ್ಚಿ ನೆಲಕ್ಕ ಇಳೀಲಿ ಅಂತ ನಾಸಾದವರು ಪ್ರಯೋಗ ಮಾಡಿದ್ರು. ಕಡಿಗೆ ಅದನ್ನ ಬಿಟ್ಟು ಪ್ಯಾರಾಶೂಟೇ ಇಟ್ಟುಕೊಂಡ್ರು. ಆದ್ರ ಆ ರೆಕ್ಕಿಯ ಚಿತ್ರ ಪತ್ರಿಕಿಯೊಳಗ ಬಂದಿತ್ತು. ಆಸ್ಟ್ರೇಲಿಯಾದ ಗ್ರಾಫ್ಟನ್ ಊರಿನ ಜಾನ್ ಡಿಕೆನ್ಸನ್ ಅನ್ನಾವ್ರು ಅದನ್ನ ನೋಡಿದ್ರು. ಊರ ಹಬ್ಬದಾಗ ದೋಣಿ ಹಿಂದ ಹಾರಿ ತೋರಸೂ ಆಟಕ್ಕ 1963ರಾಗ ಒಂದು ರೆಕ್ಕಿ ಮಾಡಿದ್ರು. ಅದಕ್ಕ ಹಚ್ಚಿದ್ದು ಬಾಳಿಗೊನಿಗೆ ಮುಚ್ಚೂ ಪ್ಲಾಸ್ಟಿಕ್! ಮನಶಾನ್ನ ರೆಕ್ಕಿ ಕೆಳಗ ಹೆಂಗ ತೂಗು ಹಾಕಬೇಕು ಅನ್ನೂದು ಮಗಳನ್ನ ಜೋಕಾಲಿ ತೂಗೂಮುಂದ ಹೊಳೀತಂತ. ಕೆಳಗ ತ್ರಿಕೋನದ ಹಿಡಿಕಿ, ಅದನ್ನ ಹಿಡದು ಮೈ ಸರಸಿದ್ರ ರೆಕ್ಕಿ ಹೊಳ್ಳತದ. ಇವತ್ತಿನ ಹ್ಯಾಂಗ್ ಗ್ಲೈಡರಿನ್ಯಾಗೂ ಅದ ಹಿಡಿಕಿ.

ಹ್ಯಾಂಗ್ ಗ್ಲೈಡರಿಗೆ ಕೊಳವಿ ಚೌಕಟ್ಟು ಇರ್ತದ, ಅದರಾಗ ಮನಶಾ ಹೊಟ್ಟಿ ಅಡಿ ಮಾಡಿ ಮಲಗಿ ಹಾರ್ತಾನ. ನನ್ನ ಮಗ ಮಾಡ್ತೀನಿ ಅಂದ ಪ್ಯಾರಾಗ್ಲೈಡಿಂಗ್ ಅದರ ತಂಗಿ ಇದ್ದಂಗ. ಅದರಾಗ ಕಡ್ಡಿ ಕೋಲು ಒಂದೂ ಇಲ್ಲ, ಬರೇ ಬಟ್ಟಿ ಮತ್ತ ದಾರ. ಕುರ್ಚಿಯೊಳಗ ಕೂತಂಗ ಕೂತು ಹಾರೂದು. ಎರಡು ಪದರ ಬಟ್ಟಿ ನಡುವ ಸಾಲಾಗಿ ಚೀಲ ಹೊಲದಿರ್ತಾರ, ಮುಂದಿನ ಬಾಯಿ ತೆರದಿರ್ತದ. ಓಡಿದ್ರ ಗಾಳಿ ತುಂಬಿ, ಎಣ್ಣ್ಯಾಗ ಬಿಟ್ಟ ಪೂರಿ ಉಬ್ಬಿದಂಗ ಉಬ್ಬಿ ರೆಕ್ಕಿ ಆಗ್ತದ. ಈ ಚೀಲದ ರೆಕ್ಕಿ 1964ರ ಸುಮಾರಿಗೆ ಮಾಡಿದವರು ಡೊಮಿನಾ ಜಾಲ್ಬರ್ಟ್, ಅವರೂ ಪತಂಗ ಮಾಡಾವ್ರೇ. 1978ರಾಗ ಫ್ರಾನ್ಸಿನ ಮ್ಯೂಸಿ ಅನ್ನೂ ಹಳ್ಳಿ ಹತ್ರ ಮೂರು ಮಂದಿ ಪ್ಯಾರಾಶೂಟಿನವರು, ವಿಮಾನದ ಖರ್ಚು ಯಾಕ, ಗುಡ್ಡದಿಂದ ಓಡಿ ಹಾರೋಣ ಅಂತ ಹಾರಿ ನೋಡಿದ್ರು. ಅಲ್ಲಿಂದ ಈ ಆಟ ಲೋಕಕ್ಕೆಲ್ಲಾ ಹಬ್ಬಿತು. ಬೀರ್ ಬಿಲ್ಲಿಂಗ್‌ನಾಗ 2015ರಾಗ ವಿಶ್ವಕಪ್ ಸ್ಪರ್ಧಾನೂ ಆತು.

ಈಗ ಗಾಳಿ ಮಾತಿಗೆ ಬರ್ತೀನಿ. ಇಂಜಿನ್ ಇಲ್ಲಂದ್ರ ಮ್ಯಾಲೆ ಒಯ್ಯಾವ್ರು ಯಾರು? ಎರಡು ದಾರಿ. ಒಂದು, ಗಾಳಿ ಗುಡ್ಡಕ್ಕ ಬಡದು ಮ್ಯಾಲೆ ಏರ್ತದಲ್ಲಾ, ಅದರ ಮ್ಯಾಲೆ ಕೂಡೂದು. ಎರಡನೇದು ಬಿಸಲು. ಬಿಸಲಿಗೆ ನೆಲ ಕಾದು, ಅದರ ಮ್ಯಾಲಿನ ಗಾಳಿ ಬಿಸಿಯಾಗಿ ಒಲಿ ಮ್ಯಾಲಿನ ಹೊಗಿಯಂಗ ಏರ್ತದ. ಮಧ್ಯಾಹ್ನ ನಾವು ಮಾಳಿಗಿ ಮ್ಯಾಲೆ ಹಪ್ಪಳ ಕಾಯ್ಕೋತ ಕೂತಾಗ ಹದ್ದು ರೆಕ್ಕಿ ಬಡೀದ ಸುತ್ತು ಹೊಡಕೋತ ಏರೂದು ನೋಡೀವಲ್ಲಾ, ಅದು ಇದನ್ನ. ಹಾರಾವ್ರೂ ಹದ್ದಿನ ಹಿಂದ ಹೋಗಿ ಅಲ್ಲೇ ಸುತ್ತು ಹೊಡೀತಾರ.

ಆದ್ರ ಅದ ಬಿಸಿಗಾಳಿ ಹೆಚ್ಚಾದ್ರ ಮೋಡ ಕಪ್ಪಾಗಿ ಬೆಳದು, ಕೆಳಗಿನ ಗಾಳಿ ಎಲ್ಲಾ ಮ್ಯಾಲೆ ಹೀರತದ. ಅಡ್ಡಮಳಿ ಬರೂಮುಂದ ಅಂಗಳದ ಧೂಳಾ ಹೆಂಗ ಏಳ್ತದ ನಮಗ ಗೊತ್ತದ. 2007 ಫೆಬ್ರವರಿ 14ಕ್ಕ ಆಸ್ಟ್ರೇಲಿಯಾದ ಮ್ಯಾನಿಲಾ ಊರಾಗ ಜರ್ಮನಿಯ ಎವಾ ವಿಸ್ನಿಯರ್ಸ್ಕಾ ಅನ್ನೂ ಪೈಲಟ್ ಬಾಯಾರನ್ನ ಹಿಂತಾ ಮೋಡ ಎಳಕೊಂಡು 9,946 ಮೀಟರ್ ತನಕಾ ಒಯ್ತು. ಎವರೆಸ್ಟಿಗಿಂತ ಎತ್ತರ! ಮೈ ಮ್ಯಾಲೆ ಬರ್ಫ, ಎಚ್ಚರ ತಪ್ಪಿತ್ತು. ದೈವ ದೊಡ್ಡದು, ಕೆಳಗ ಬರೂಮುಂದ ಎಚ್ಚರ ಆಗಿ ಇಳದು ಉಳಕೊಂಡ್ರು. ಅದ ಮೋಡದಾಗ ಸಿಕ್ಕ ಚೀನಾದ ಹೀ ಝೊಂಗ್‌ಪಿನ್ ಉಳೀಲಿಲ್ಲ. ಇವರು ಕಲತವರು, ಸ್ಪರ್ಧಾಕ್ಕ ಬಂದವರು.

ಇಷ್ಟೇ ಅಲ್ಲ. ಪ್ಯಾರಾಗ್ಲೈಡರ್ ಓಡೂ ವೇಗ ಗಂಟೆಗೆ 35-40 ಕಿಲೋಮೀಟರ್ ಆಜೂಬಾಜು. ಎದುರಿನ ಗಾಳಿ ಅಷ್ಟೇ ಇದ್ರ ಇದ್ದಲ್ಲೇ ನಿಲ್ತದ, ಹೆಚ್ಚಾದ್ರ ಹಿಂದ ಹೋಗ್ತದ, ಗುಡ್ಡದ ಆಚಿ ಸುಳಿಯೊಳಗ ಬೀಳ್ತದ. ಅದಕ್ಕ ಹಿಮಾಚಲದಾಗ ಮಳಿಗಾಲಕ್ಕ, ಜುಲೈ 15ರಿಂದ ಸಪ್ಟೆಂಬರ್ 15ರ ತನಕಾ, ಹಾರೂದೇ ಬಂದ್ ಮಾಡ್ತಾರ.

ಓದಿ ಮುಗಿಸಿದಾಗ ನನಗೊಂದು ತಿಳೀತು. ಈ ಆಟದಾಗ ಹಾರೂ ವಿದ್ಯಾ ಅರ್ಧಾ. ಉಳದ ಅರ್ಧಾ ನಮ್ಮವ್ವನ ಮಾತು: "ಇವತ್ತು ಬ್ಯಾಡ, ಗಾಳಿ ಸರಿಯಿಲ್ಲ." ಸಂಡಿಗಿ ಹಿಟ್ಟು ಕುದಿಸೂಕಿಂತ ಮೊದಲ ಆಕಿ ಆಕಾಶ ನೋಡ್ತಿದ್ಲು. ಬ್ಯಾಡ ಅನಿಸಿದ್ರ ನೆನಸಿಟ್ಟ ಅಕ್ಕಿ ಕೆಟ್ಟರೂ ಕೆಡಲಿ ಅಂತಿದ್ಲು.

ಮಗ ಬೀರಿಗೆ ಹೋಗಿ ಎರಡು ದಿನ ಆಗಿತ್ತು, ಫೋನ್ ಬಂತು. "ಅಮ್ಮಾ, ನಮ್ಮ ಪೈಲಟ್ ಎರಡು ದಿನದಿಂದ ಬ್ಯಾಡ ಬ್ಯಾಡ ಅಂತಾನ. ಇಲ್ಲೆ ನೋಡಿದ್ರ ಬಿಸಲು ಛಲೋ ಅದ. ನಾಳೆ ಸಂಜಿಗೆ ನಂದು ವಾಪಸ್ ಬಸ್ಸು. ಬ್ಯಾರೆ ಒಬ್ಬಾಂವ ಈಗ ಹಾರಸ್ತೀನಿ, ಬಾ ಅಂತ ಕರೀಲಿಕತ್ತಾನ. ಹೋಗ್ಲೇನು?"

ಎಂಟು ದಿನದ ಹಿಂದ ಕೇಳಿದ್ರ ಸುಮ್ಮನ ಮನಿಗೆ ಬಾ ಅಂತಿದ್ದೆ. ಆವತ್ತು ಹಂಗ ಅನ್ನಲಿಲ್ಲ. "ಬ್ಯಾಡ ಅಂದಾಂವನ ಕಡೇನ ಇರಪಾ. ಕೆಳಗ ಬಿಸಲಿದ್ರ ಏನಾತು, ಗುಡ್ಡದ ಮ್ಯಾಲಿನ ಗಾಳಿ ಅಂವಗ ಗೊತ್ತು. ತನ್ನ ರೊಕ್ಕಾ ಬಿಟ್ಟು ಬ್ಯಾಡ ಅಂತಾನಲ್ಲಾ, ಹಂತಾಂವನ ಜೋಡಿ ಹಾರಬೇಕು" ಅಂದೆ. ಆ ಕಡೆ ಒಂದಿಷ್ಟು ಹೊತ್ತು ಮಾತಿಲ್ಲ. ಆಮ್ಯಾಲೆ, "ನಿನಗ ಯಾರ ಹೇಳಿದ್ರು ಇದನ್ನೆಲ್ಲಾ?" ಅಂದಾ. "ನಿಮ್ಮಜ್ಜಿ" ಅಂದೆ.

ಆ ಸಲ ಹಾರದನ ಬಂದಾ. ಪೈಲಟ್ ರೊಕ್ಕಾ ಹೊಳ್ಳಿ ಕೊಟ್ಟಿದ್ದ. ಮುಖಾ ಸಣ್ಣ ಮಾಡ್ಕೊಂಡು ದೀಪಾವಳಿಗೆ ಊರಿಗೆ ಬಂದಾ, ಕರ್ಚಿಕಾಯಿ ತಿಂದು ಸಮಾಧಾನ ಆದಾ. ಈ ವರ್ಷ ಮಾರ್ಚಿನ್ಯಾಗ ರಜಾ ಹಾಕಿ ಮತ್ತ ಅದ ಪೈಲಟ್ ಕಡೆ ಹೋದಾ. ನಾ ಬ್ಯಾಡ ಅನ್ನಲಿಲ್ಲ. ರಾತ್ರಿ ನಿದ್ದಿ ಮಾತ್ರ ಬರಲಿಲ್ಲ, ಸುಳ್ಳ ಯಾಕ ಹೇಳ್ಲಿ.

ನಿಮ್ಮ ಮನಿ ಮಕ್ಕಳೂ ಹೋಗ್ತೀನಿ ಅಂದ್ರ ಬೈಯ್ಯಬ್ಯಾಡ್ರಿ, ಒಂದ ಮಾತು ಕೇಳಿ ಕಳಸ್ರಿ: ನಿನ್ನ ಪೈಲಟ್ ಗಾಳಿ ಸರಿಯಿಲ್ಲ ಅಂತ ಎಂದರೆ ಮಂದೀನ್ನ ತಿರುಗಿ ಕಳಿಸ್ಯಾನೇನು? ಕಳಿಸ್ಯಾನ ಅಂದ್ರ ಹೋಗ್ಲಿ.

ಹಾರಿದ ದಿನ ವಿಡಿಯೋ ಕಳಿಸಿದ್ದ. ಆವತ್ತು ನಮ್ಮ ತಮ್ಮ ಮನಿಗೆ ಬಂದಿದ್ದ. ಇಬ್ಬರೂ ಕೂತು ನೋಡಿದ್ವಿ. ಕೆಳಗ ಹಸರು ಗದ್ದಿ, ಹಿಂದ ಬರ್ಫಿನ ಗುಡ್ಡ, ನಡುವ ನನ್ನ ಮಗ ಬಾಯಿ ತುಂಬ ನಕ್ಕೋತ ಹೊಂಟಾನ. ತಮ್ಮ ಏನೂ ಮಾತಾಡಲಿಲ್ಲ. ಮುಗದ ಮ್ಯಾಲೆ ಸೊಟ್ಟ ಆದ ಕೈಲೇನ ಮೊಬೈಲ್ ಈಕಡೆ ಸರಿಸಿ, "ಅಕ್ಕಾ, ಮತ್ತೊಮ್ಮೆ ಹಚ್ಚು" ಅಂದಾ.