ನೀರೇ ಹಾಕಿದ ಗಡಿ: ಅತಿಶುದ್ಧ ನೀರಿನ ಅಳತೆಯ ಕಥೆ

ಅರೆವಾಹಕ ಕಾರ್ಖಾನೆಗಳಲ್ಲಿ ಸಿಲಿಕಾನ್ ಬಿಲ್ಲೆಗಳನ್ನು ತೊಳೆಯುವ ನೀರಿನ ರೋಧಶೀಲತೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 18.2 ಮೆಗಾಓಮ್-ಸೆಂಟಿಮೀಟರ್ ಇರಬೇಕು. ಮಾಪಕ ಇದಕ್ಕಿಂತ ಹೆಚ್ಚು ತೋರಿಸಿದರೆ ಸಂಶಯಪಡಬೇಕಾದದ್ದು ಮಾಪಕವನ್ನೇ. ಏಕೆಂದರೆ ಈ ಗಡಿಯನ್ನು ಹಾಕಿದ್ದು ಕಾರ್ಖಾನೆಯಲ್ಲ, ನೀರು. ಅದರ ಸಮೀಪಕ್ಕೆ ವಿಜ್ಞಾನಿಗಳು ತಲುಪಿದ್ದು 1894ರಲ್ಲಿ. ಟ್ರಾನ್ಸಿಸ್ಟರ್ ಹುಟ್ಟುವುದಕ್ಕೆ ಇನ್ನೂ 53 ವರ್ಷಗಳಿದ್ದವು.

ಜರ್ಮನಿಯ ಭೌತವಿಜ್ಞಾನಿ ಫ್ರೆಡ್ರಿಕ್ ಕೋಲ್‌ರೌಶ್ ಲವಣದ್ರಾವಣಗಳ ವಾಹಕತೆಯನ್ನು ಅಳೆಯುತ್ತಿದ್ದರು. ನೇರ ವಿದ್ಯುತ್ ಹರಿಸಿದರೆ ವಿದ್ಯುದ್ವಾರಗಳಲ್ಲಿ ಧ್ರುವೀಕರಣವಾಗಿ ಅಳತೆ ಕೆಡುತ್ತಿತ್ತು. ಆದ್ದರಿಂದ ಅವರು ಪರ್ಯಾಯ ವಿದ್ಯುತ್ತನ್ನು ಬಳಸಿದರು. ಸೇತು ಮಂಡಲದ ಸಮತೋಲವನ್ನು ಟೆಲಿಫೋನಿನ ಸದ್ದು ಕ್ಷೀಣಿಸುವುದರಿಂದ ಗುರುತಿಸಿದರು. ಆದರೆ ತೀರಾ ದುರ್ಬಲ ದ್ರಾವಣಗಳಲ್ಲಿ ನೀರಿನದೇ ವಾಹಕತೆ ಎಷ್ಟೆಂದು ತಿಳಿಯಬೇಕಲ್ಲ! ಗಾಜಿನಿಂದ ಕ್ಷಾರ, ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರುತ್ತಲೇ ಇರುತ್ತವೆ. ಕೋಲ್‌ರೌಶ್ ಮತ್ತು ಹೈಡ್‌ವೈಲರ್ ನಿರ್ವಾತದಲ್ಲಿ ಬಟ್ಟಿ ಇಳಿಸಿ ಪಡೆದ ನೀರಿನ ವಾಹಕತೆ, ಇಂದಿನ ಮಾನದಲ್ಲಿ, 18 ಡಿಗ್ರಿಯಲ್ಲಿ ಸೆಂಟಿಮೀಟರಿಗೆ 0.043 ಮೈಕ್ರೊಸೀಮೆನ್ಸ್. ಸೊನ್ನೆ ಡಿಗ್ರಿಯಲ್ಲಿ ಅಂಥ ನೀರಿನ ಒಂದು ಮಿಲಿಮೀಟರ್ ಪದರದ ರೋಧ, ಅಷ್ಟೇ ದಪ್ಪದ, ಭೂಮಿಯನ್ನು ಸಾವಿರ ಸುತ್ತು ಸುತ್ತುವ ತಾಮ್ರದ ತಂತಿಯ ರೋಧಕ್ಕೆ ಸಮ!

ಅದರಲ್ಲೂ ಕಲ್ಮಶದ ಪಾಲೆಷ್ಟು? ಉಷ್ಣತೆ ಏರಿದಂತೆ ಕಲ್ಮಶದ ವಾಹಕತೆ ಡಿಗ್ರಿಗೆ ಸುಮಾರು ಶೇ. 2ರಷ್ಟು ಹೆಚ್ಚುತ್ತದೆ, ನೀರಿನ ಸ್ವಯಂ ಅಯಾನೀಕರಣ ಇದಕ್ಕಿಂತ ಬಹುವೇಗವಾಗಿ ಹೆಚ್ಚುತ್ತದೆ. ಈ ವ್ಯತ್ಯಾಸದಿಂದ ಅವರು ಶುದ್ಧ ನೀರಿಗೆ ಅಂದಾಜಿಸಿದ ಬೆಲೆ ಸುಮಾರು 0.038. ಇಂದಿನ ಬೆಲೆಗೂ ಇದಕ್ಕೂ ಅಂತರ ಅತ್ಯಲ್ಪ. ನನ್ನ ದೃಷ್ಟಿಯಲ್ಲಿ ಅವರ ನಿಜವಾದ ಸಾಧನೆ ಬಟ್ಟಿ ಇಳಿಸಿದ್ದಕ್ಕಿಂತ ಈ ತರ್ಕ.

ವಿದ್ಯಾರ್ಥಿಗಳು ಇದನ್ನು ಲೆಕ್ಕ ಮಾಡಿ ನೋಡಬಹುದು. 25 ಡಿಗ್ರಿಯಲ್ಲಿ ಹೈಡ್ರೋಜನ್ ಮತ್ತು ಹೈಡ್ರಾಕ್ಸೈಡ್ ಅಯಾನುಗಳ ಮೋಲಾರ್ ವಾಹಕತೆಗಳ ಮೊತ್ತ ಸುಮಾರು 548. ಅದನ್ನು ಘನ ಸೆಂಟಿಮೀಟರಿಗೆ 10⁻¹⁰ ಮೋಲ್‌ನಿಂದ ಗುಣಿಸಿ, ವಿಲೋಮ ತೆಗೆದರೆ 18.2 ಮೆಗಾಓಮ್ ಬರುತ್ತದೆ. ಲೀಟರಿಗೆ ಒಂದು ಮೈಕ್ರೊಗ್ರಾಂ ಉಪ್ಪು ಬೆರೆತರೂ ಅದು 17.5ಕ್ಕೆ ಇಳಿಯುತ್ತದೆ.

ಕಾರ್ಖಾನೆಗೆ ಬೇಕಾದಷ್ಟು ನೀರನ್ನು ಬಟ್ಟಿ ಇಳಿಸಿ ಪೂರೈಸಲಾಗದು. 1935ರಲ್ಲಿ ಇಂಗ್ಲೆಂಡಿನ ಆಡಮ್ಸ್ ಮತ್ತು ಹೋಮ್ಸ್ ಪ್ರಕಟಿಸಿದ ಕೃತಕ ಅಯಾನು ವಿನಿಮಯ ರಾಳಗಳು, 1960ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಲೋಬ್ ಮತ್ತು ಭಾರತೀಯ ಮೂಲದ ಶ್ರೀನಿವಾಸ ಸೌರಿರಾಜನ್ ರೂಪಿಸಿದ ಹಿಮ್ಮುಖ ಪರಾಸರಣದ ಪೊರೆ ದಾರಿ ತೆರೆದವು.

ಆದರೆ 18.2 ಕಂಡೊಡನೆ ನೀರು ಶುದ್ಧವೆಂದು ನಂಬುವಂತಿಲ್ಲ. ಅಯಾನುಗಳಾಗದ ಸಾವಯವ ವಸ್ತು, ಸತ್ತ ಬ್ಯಾಕ್ಟೀರಿಯಾ, ಸೂಕ್ಷ್ಮ ಕಣಗಳು ಈ ಮಾಪಕಕ್ಕೆ ಕಾಣವು. ಸಿಲಿಕ ಬಹುಮಟ್ಟಿಗೆ ಕಾಣದು. ಬಿಲ್ಲೆ ಒಣಗಿದಾಗ ಅವು ಕಲೆಯಾಗಿ ಉಳಿಯುತ್ತವೆ. ಹೀಗಾಗಿ ಕಣಗಳನ್ನು ಲೇಸರ್ ಬೆಳಕಿನಿಂದ ಎಣಿಸುತ್ತಾರೆ. ಸಾವಯವ ವಸ್ತುವನ್ನು ನೇರಳಾತೀತ ಕಿರಣಗಳಿಂದ ಉತ್ಕರ್ಷಿಸಿ, ಹುಟ್ಟುವ ಇಂಗಾಲದ ಡೈಆಕ್ಸೈಡಿನಿಂದ ವಾಹಕತೆ ಎಷ್ಟು ಏರಿತೆಂದು ನೋಡುತ್ತಾರೆ. ಕೋಲ್‌ರೌಶ್‌ರನ್ನು ಕಾಡಿದ ಅನಿಲವೇ ಇಲ್ಲಿ ಸಾಕ್ಷಿ! ಈ ನೀರನ್ನು ಶೀಸೆಯಲ್ಲಿ ಹಿಡಿದು ಪ್ರಯೋಗಾಲಯಕ್ಕೆ ಒಯ್ದು ವಾಹಕತೆ ಅಳೆಯುವುದು ಮಾತ್ರ ವ್ಯರ್ಥ. ಗಾಳಿಗೆ ತೆರೆದಿಟ್ಟ ಅತಿಶುದ್ಧ ನೀರು ಕೊನೆಗೆ ಸುಮಾರು ಒಂದು ಮೆಗಾಓಮ್‌ಗೆ ಇಳಿಯುತ್ತದೆ. ಆದ್ದರಿಂದಲೇ ಮಾಪಕವನ್ನು ಹರಿಯುವ ಕೊಳವೆಯೊಳಗೇ ಕೂರಿಸಿರುತ್ತಾರೆ.